ನಮ್ಮ ಮೂಲೆಯಲ್ಲಿ ಒಬ್ಬರು ಕಡಿಮೆ

ಎಲ್ಮ್ ಫೋರ್ಕ್, ಅಯೋವಾ
ಫೆಬ್ರುವರಿ ೪, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ನಿನ್ನ ಗಂಟಲು ಹೇಗಿದೆ? ಶನಿವಾರ ಟಿವಿಯಲ್ಲಿ ಕೇಳಿದಾಗ ದನಿ ಪೂರ್ತಿ ಒಡೆದುಹೋಗಿತ್ತು. ಉಪ್ಪುನೀರು ಮುಕ್ಕಳಿಸಲು ಹೇಳಿ ಎಂದು ನಿನ್ನ ಕಚೇರಿಯವರಿಗೆ ತಿಳಿಸಿದ್ದೆ, ಆ ಮಾತು ನಿನ್ನವರೆಗೆ ಬಂತೋ ಇಲ್ಲವೋ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯಾ? ನಾವಿಬ್ಬರೂ ಕ್ಷೇಮ ಎಂದು ಬರೆಯಲು ಹೊರಟಿದ್ದೆ. ಆದರೆ ಅಪ್ಪ ಚೆನ್ನಾಗಿಲ್ಲ. ನಿನ್ನೆಯಿಂದ ಎಷ್ಟು ಸಲ ಫೋನ್ ಮಾಡಿದರೂ ಯಾರೋ ಒಬ್ಬಳು ಹುಡುಗಿ ಎತ್ತಿ, ಗವರ್ನರ್ ವಿಶ್ರಾಂತಿಯಲ್ಲಿದ್ದಾರೆ ಅನ್ನುತ್ತಾಳೆ. ನೀನು ಆ ಹುದ್ದೆ ಬಿಟ್ಟು ಎಷ್ಟೋ ಕಾಲವಾದರೂ ಅವರಿಗೆ ನೀನಿನ್ನೂ ಗವರ್ನರ್. ಅದಕ್ಕೇ ಈ ಪತ್ರ. ನೀನು ಇಲ್ಲಿ ಬಿಟ್ಟುಹೋದ ಕಪ್ಪು ಸೂಟು ಒಯ್ಯಲು ನಿನ್ನ ಡ್ರೈವರ್ ಮರ್ಲಿನ್ ಬಂದು ಹೊರಗೆ ಕಾಯುತ್ತಿದ್ದಾನೆ. ಮಧ್ಯಾಹ್ನದ ಹೇಳಿಕೆಗೆ ಅದೇ ಸೂಟು ಬೇಕೆಂದೆಯಂತೆ. ಕಣದಿಂದ ಹಿಂದೆ ಸರಿಯುವ ಹೇಳಿಕೆಯೇ ಇರಬೇಕು, ನಾನು ಅವನನ್ನು ಕೇಳಲಿಲ್ಲ.

ಸುದ್ದಿಯಲ್ಲಿ ಬಂದ ಆ ಫೋಟೋ ನೀನು ನೋಡಿರುತ್ತೀಯ. ನಿನ್ನ ಎದುರಾಳಿ ಟ್ರಾಸ್ಕ್‌ನ ನೀಲಿ ಫಲಕದ ಕೆಳಗೆ ಅಪ್ಪ, ಅವರ ತೋಳು ಹಿಡಿದು ನಾನು. ‘ಮನೆಯವರೇ ಕೈಬಿಟ್ಟರು’ ಎಂದು ಕೆಳಗೆ ಬರೆದಿದ್ದಾರೆ. ನಿನ್ನನ್ನು ವೇದಿಕೆಯ ಮೇಲೆ ‘ಉಗುರುಬೆಚ್ಚಗಿನ ನೀರು’ ಎಂದು ಹಂಗಿಸಿದನಲ್ಲ, ಅದೇ ಟ್ರಾಸ್ಕ್. ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಟಿಕೆಟ್ ಕೇಳಿಕೊಂಡು ನೀನು ವರ್ಷವಿಡೀ ಊರೂರು ಅಲೆದೆ, ಕೊನೆಗೆ ಸ್ವಂತ ಊರಿನಲ್ಲಿ ಸ್ವಂತ ಅಪ್ಪ ಅಲ್ಲಿ ನಿಂತಿದ್ದರು. ನೋಡಿದವರು ಏನು ತಿಳಿದುಕೊಳ್ಳಬೇಕೋ ಅದನ್ನೇ ತಿಳಿದುಕೊಂಡಿದ್ದಾರೆ. ನೀನೂ ಹಾಗೇ ತಿಳಿದುಕೊಂಡು ಆ ಸೂಟು ಹಾಕಿಕೊಳ್ಳಬಾರದು.

ಪಕ್ಷದ ಅಭ್ಯರ್ಥಿಯನ್ನು ಆರಿಸುವ ನಿನ್ನೆಯ ಸಭೆ ನಡೆದದ್ದು ನಮ್ಮ ಶಾಲೆಯ ಜಿಮ್‌ನಲ್ಲಿ, ಅದು ನಿನಗೆ ಗೊತ್ತೇ ಇದೆ. ಮರದ ನೆಲ, ಗೋಡೆಗೆ ಒಬ್ಬೊಬ್ಬ ಅಭ್ಯರ್ಥಿಯ ಫಲಕ, ಬಾಗಿಲ ಬಳಿ ಬಿಸಿ ಚಿಲ್ಲಿ ಸಾರಿನ ದೊಡ್ಡ ಪಾತ್ರೆ, ದಾಲ್ಚಿನ್ನಿ ರೋಲ್‌ಗಳು. ಯಾರಿಗೆ ಬೆಂಬಲವೋ ಅವರ ಮೂಲೆಯಲ್ಲಿ ಎಲ್ಲರ ಕಣ್ಣೆದುರು ನಿಲ್ಲಬೇಕು, ನೂರಕ್ಕೆ ಹದಿನೈದು ಜನ ಸೇರದ ಗುಂಪು ಒಡೆದು ಅದರವರು ತಮ್ಮ ಎರಡನೇ ಆಯ್ಕೆಗೆ ಹೋಗಬೇಕು. ನಿನ್ನ ಮೂಲೆ ನನ್ನ ಜವಾಬ್ದಾರಿ. ಒಳಗೆ ಬಂದವರೆಲ್ಲ ಮೊದಲು ನನ್ನ ಹತ್ತಿರವೇ ಬಂದರು. “ಲೈಲ್ ಸೊರಗಿದಾನಲ್ಲೇ, ಊಟ ಗೀಟ ಮಾಡ್ತಾನಾ ಇಲ್ವಾ?” ಎಂದು ನಿನ್ನ ವಿಷಯ ವಿಚಾರಿಸಿದರು. “ನಮ್ ಹುಡುಗನಿಗೆ ಇಲ್ಲಿ ಏನ್ ಚಿಂತೆ” ಎಂದು ನನ್ನ ಬೆನ್ನು ತಟ್ಟಿ ಬೇರೆ ಬೇರೆ ಮೂಲೆಗಳಿಗೆ ಹೋದರು. ಪರಿಚಯದವರನ್ನು ಮಾತಾಡಿಸಲು ಹೋಗುತ್ತಿದ್ದಾರೆ ಎಂದುಕೊಂಡೆ.

ಅರ್ಡಿಸ್ ಆಂಟಿ ಟ್ರಾಸ್ಕ್‌ನ ಮೂಲೆಯಲ್ಲಿದ್ದರು. ಅಮ್ಮ ಹೋದ ಚಳಿಗಾಲವಿಡೀ ನಮಗೆ ಊಟ ತಂದುಕೊಟ್ಟವರು ಅವರೇ, ನೀನು ಮರೆತಿರಲಾರೆ. ಅವರು ಅಪ್ಪನನ್ನು ಕರೆದು, “ನೋಡಿ ವರ್ನ್, ನಮ್ಮಲ್ಲಿ ಜನಾನೇ ಇಲ್ಲ. ನನ್ ಮೊಮ್ಮಗಳು ಟ್ರಾಸ್ಕ್ ಟ್ರಾಸ್ಕ್ ಅಂತ ಪ್ರಾಣ ಬಿಡ್ತಾಳೆ. ಗಡಿ ಮುಟ್ಟದೆ ಗುಂಪು ಒಡೆದ್ರೆ ಇವತ್ತು ಅತ್ತುಬಿಡ್ತಾಳೆ” ಅಂದರು. “ಅದಕ್ಯಾಕೆ ಅಷ್ಟು ಯೋಚನೆ? ಲೈಲ್‌ಗೆ ಈ ಊರಲ್ಲಿ ಜನಕ್ಕೇನು ಬರ. ನಾನೊಬ್ಬ ಬಂದು ನಿಂತ್ಕೋತೀನಿ ಬಿಡಿ” ಎಂದು ಅಪ್ಪ ಹೋಗಿ ನಿಂತರು. ಅಲ್ಲಿಂದ ನನಗೆ ಕೈ ಬೀಸಿದರು. ನಾನೂ ಬೀಸಿದೆ. ಅವರು ಮಾಡಿದ್ದು ನನಗೆ ಚೆನ್ನಾಗಿಯೇ ಕಂಡಿತು.

ಸಭೆ ನಡೆಸುತ್ತಿದ್ದ ಹಲ್ಲಿನ ಡಾಕ್ಟರ್ ಡೆಲ್ಬರ್ಟ್ ಎಣಿಸುತ್ತಾ ಬಂದ. ನೂರಕ್ಕೆ ಹದಿನೈದರ ಗಡಿ ನಿನ್ನೆ ಬಂದಿದ್ದ ಜನರಿಗೆ ಇಪ್ಪತ್ತಾಗುತ್ತಿತ್ತು. ನಮ್ಮ ಮೂಲೆಯಲ್ಲಿ ಹತ್ತೊಂಬತ್ತು. “ನನ್ನನ್ನೂ ಲೆಕ್ಕಕ್ಕೆ ಹಿಡಿದ್ಯಾ ಡೆಲ್ಬರ್ಟ್?” ಎಂದೆ. “ನಿನ್ನಿಂದಾನೇ ಶುರು ಮಾಡಿದ್ದು, ಸಿಗ್ನೆ” ಎಂದ. ಮತ್ತೊಮ್ಮೆ ಎಣಿಸಿದ. ಮತ್ತೂ ಹತ್ತೊಂಬತ್ತೇ. ಆಗ ಅಪ್ಪ ಅತ್ತಲಿಂದ ಕೈ ಎತ್ತಿಕೊಂಡೇ ಹೊರಟರು. “ನಾನು ಬರ್ತಿದೀನಿ. ನಾನು ಅವನಪ್ಪ ಕಣಯ್ಯಾ.” ಡೆಲ್ಬರ್ಟ್ ಅಡ್ಡ ನಿಂತ. “ಅಂಕಲ್, ನಿಮ್ ಗುಂಪು ಗಡಿ ದಾಟಿದೆ. ದಾಟಿದ ಗುಂಪಿಂದ ಯಾರೂ ಆಚೆ ಬರೋ ಹಾಗಿಲ್ಲ. ನಿಯಮ ಓದಿದಾಗ ನೀವೂ ತಲೆ ಆಡಿಸಿದ್ರಿ.” ಟ್ರಾಸ್ಕ್‌ನ ಮೂಲೆಯಲ್ಲಿ ಬೇಕಾದ್ದಕ್ಕಿಂತ ಆರು ಜನ ಹೆಚ್ಚಿದ್ದರು. ಅರ್ಡಿಸ್ ಆಂಟಿಯ ಮುಖ ನೋಡಲಾರದೆ ಇನ್ನೂ ಹಲವರು ಅಪ್ಪನ ಹಾಗೆಯೇ ಹೋಗಿ ನಿಂತಿದ್ದರು. ಉಳಿದ ಮೂಲೆಗಳಲ್ಲೂ ಅದೇ ಕಥೆ. ಪಶುವೈದ್ಯರು ಹೆಂಡತಿಯ ತಂಗಿಗಾಗಿ ಒಂದು ಕಡೆ, ಅಂಚೆ ಕಚೇರಿಯ ಮೇವಿಸ್ ತನ್ನ ಬಾಡಿಗೆದಾರನಿಗಾಗಿ ಇನ್ನೊಂದು ಕಡೆ. ಎಲ್ಲ ಗುಂಪುಗಳೂ ಗಡಿ ದಾಟಿದ್ದವು, ನಮ್ಮದೊಂದು ಬಿಟ್ಟು. ಆಮೇಲೆ ಒಬ್ಬೊಬ್ಬರೇ ತಗ್ಗಿದ ದನಿಯಲ್ಲಿ, “ನಮ್ ಎರಡನೇ ಆಯ್ಕೆ ಲೈಲೇ ಇತ್ತು ಕಣೇ” ಎಂದರು. ನಾನು ಥ್ಯಾಂಕ್ಸ್ ಎಂದುಬಿಟ್ಟೆ.

ಗುಂಪು ಒಡೆದ ಮೇಲೆ ನಮ್ಮವರು ಕೋಟು ಹಾಕಿಕೊಂಡು ಮನೆಗೆ ಹೊರಟರು. ಅಪ್ಪ ಮಾತ್ರ ಹೋಗದೆ ಟ್ರಾಸ್ಕ್‌ನ ಫಲಕದ ಕೆಳಗೇ ನಿಂತಿದ್ದರು, ಟೊಪ್ಪಿ ಕೈಯಲ್ಲಿ. ನಾನು ಹೋಗಿ ತೋಳು ಹಿಡಿದುಕೊಂಡೆ. ಫೋಟೋ ತೆಗೆದದ್ದು ಆಗ.

ಅಲ್ಲಿಂದ ಯೋಚಿಸುತ್ತಲೇ ಇದ್ದೇನೆ. ನಿನ್ನನ್ನು ಬೇಡ ಎಂದವರು ಆ ಜಿಮ್‌ನಲ್ಲಿ ಒಬ್ಬರೂ ಇರಲಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿದ್ದೇನೋ, ಇದೇ ದೊಡ್ಡ ಪೆಟ್ಟೋ, ನನಗೇ ಸ್ಪಷ್ಟವಿಲ್ಲ. ಡಿಸೆಂಬರಿನಲ್ಲಿ ಇದೇ ಜಿಮ್‌ನಲ್ಲಿ ನೀನು ಮಾತಾಡಿದಾಗ ಈ ಕಡೆಯವರಲ್ಲೂ ಸತ್ಯವಿದೆ, ಆ ಕಡೆಯವರಲ್ಲೂ ಇದೆ, ನಿಮ್ಮ ಮನಸ್ಸಿಗೆ ಬಂದಂತೆ ಮಾಡಿ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ನೀವು ಬೇಕು ಎಂದು ನೀನು ಕೇಳಲೇ ಇಲ್ಲ. ಕೇಳುವುದು ನಮ್ಮ ಮನೆಯಲ್ಲಿ ಯಾರಿಗೂ ಬಂದಿಲ್ಲ, ನನಗೂ. ಒಬ್ಬ ಅಪ್ಪನಿಂದ ನೀನು ರಾಜ್ಯ ಸೋಲಲಿಲ್ಲ, ಎಲ್ಲ ಕಡೆಯೂ ಹೀಗೇ ಆಗಿದೆ. ಇದು ನನಗೆ ಗೊತ್ತು, ನಿನಗೂ ಗೊತ್ತು. ಅಪ್ಪನಿಗೆ ಹೇಳಿ ಸಾಕಾಯಿತು. ಬೆಳಿಗ್ಗೆ ಎದ್ದವರು ಅಂಗಳದಲ್ಲಿ ನಿಲ್ಲಿಸಿದ ಪಿಕಪ್‌ನೊಳಗೆ ಹೋಗಿ ಕೂತಿದ್ದಾರೆ. ಕಾಫಿ ಒಯ್ದುಕೊಟ್ಟೆ, ಮುಟ್ಟಲಿಲ್ಲ. ಫೋನ್ ಮಾಡಿ ಎಂದೆ. “ಮಾಡಲ್ಲ. ಅವನು ಪರವಾಗಿಲ್ಲಪ್ಪಾ ಅಂತಾನೆ. ಆ ಮಾತು ಕೇಳೋಕೆ ನನ್ ಕೈಲಾಗಲ್ಲ” ಎಂದರು.

ಅತ್ತಿಗೆಗೆ ನನ್ನ ಪ್ರೀತಿ ತಿಳಿಸು, ಮಕ್ಕಳಿಗೆ ಮುತ್ತು. ಬೆಚ್ಚಗಿರು, ಏನಾದರೂ ತಿನ್ನು.

ನಿನ್ನ ತಂಗಿ,
ಸಿಗ್ನೆ

ತಾ.ಕ.: ಲಕೋಟೆ ಮುಚ್ಚುವಷ್ಟರಲ್ಲಿ ಕಿಟಕಿಯಿಂದ ನೋಡಿದೆ. ಅಪ್ಪ ಪಿಕಪ್‌ನಿಂದ ಇಳಿದು, ನಿನ್ನ ಸೂಟನ್ನು ಮಡಿಲಲ್ಲಿಟ್ಟುಕೊಂಡು ಮರ್ಲಿನ್‌ನ ಪಕ್ಕದ ಸೀಟಿನಲ್ಲಿ ಕೂತಿದ್ದಾರೆ. ನೀನು ಇದನ್ನು ಓದುವಾಗ ಅವರು ನಿನ್ನ ಬಾಗಿಲ ಹೊರಗಿರುತ್ತಾರೆ. ಅಣ್ಣಾ, ಪರವಾಗಿಲ್ಲ ಅನ್ನಬೇಡ. ಎರಡೂ ಕಡೆಯ ಮಾತು ಇವತ್ತೊಂದು ದಿನ ಬೇಡ. ಒಳಗೆ ಕರೆದು, ಬಾಗಿಲು ಹಾಕಿ, ಚೆನ್ನಾಗಿ ಬೈಯಿ.