ಸುಳ್ಳುಹಬ್ಬ ಮಾಡಿಸಿಕೊಂಡವಳು

ಸುರಪುರ, ಏಪ್ರಿಲ್ ಮೂವತ್ತೆಂಟು, ಇಸವಿ ೨೩೮೭

ನಿಮ್ಮ ಕಾಲದಲ್ಲಿ ಇಪ್ಪತ್ತರ ಆಸುಪಾಸಿನಲ್ಲಿರುವ ಎಲ್ಲರಿಗೂ ನೀಲಗಂಗೆಯ ಶರಣು.

ತಾರೀಖು ಕಂಡು ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವ ಲಕ್ಷಣವೇ ಕಾಣದಿದ್ದಾಗ ನಮ್ಮ ಹಿರಿಯರು ಡಿಸೆಂಬರಿನಿಂದ ಹತ್ತು ದಿನ ಕಿತ್ತು ಏಪ್ರಿಲ್ಲಿಗೆ ಅಂಟಿಸಿದರು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಕಳೆದ ವರ್ಷ ನಾನು ಮಾಡಿದ ದಡ್ಡತನವೊಂದನ್ನು ನಿಮ್ಮೆದುರು ಹೇಳಿಕೊಂಡು ನಗಬೇಕೆಂದು ಈ ಪತ್ರ.

ನಮ್ಮಲ್ಲಿ ಮುಂಗಾಣಿ ಎಂಬ ಯಂತ್ರವಿದೆ. ಹುಟ್ಟಿದಂದಿನಿಂದ ನಮ್ಮ ನಡೆನುಡಿ ನೋಡುತ್ತ ಬಂದು, ಇಪ್ಪತ್ತೊಂದು ತುಂಬಿದಾಗ ನಾವು ಯಾವ ಕೆಲಸ ಹಿಡಿಯುತ್ತೇವೆಂದು ಚೀಟಿ ಬರೆದು ಮಡಕೆಯೊಳಗೆ ಹಾಕುತ್ತದೆ. ನಾವು ಮೊದಲು ಊರ ಕಟ್ಟೆಯ ಮೇಲೆ ನಿಂತು ನಮ್ಮ ಆಯ್ಕೆ ಹೇಳಬೇಕು, ಆಮೇಲೆ ಮಡಕೆ ಒಡೆಯುತ್ತಾರೆ. ಚೀಟಿ ನಿಜವಾದರೆ ಜನ ಒಂದೆರಡು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಸುಳ್ಳಾದರೆ ಬೀದಿಗೆಲ್ಲ ಹೋಳಿಗೆ, ಹಲಗೆಯ ಬಡಿತ, ಕುಣಿತ. ಅದೇ ಸುಳ್ಳುಹಬ್ಬ. ಮಕ್ಕಳು ಯಂತ್ರದ ಗುಲಾಮರಾಗಬಾರದೆಂದು ಹಿರಿಯರು ಕಟ್ಟಿದ ಒಳ್ಳೆಯ ಪದ್ಧತಿ ಅದು. ಆದರೆ ಹೋಳಿಗೆಯ ಆಸೆಗೆ, ಸ್ವತಂತ್ರರೆನಿಸಿಕೊಳ್ಳುವ ಹಟಕ್ಕೆ ನಾವು ಎಂಥೆಂಥದನ್ನೋ ಹೇಳಿ ಕೂರುತ್ತೇವೆ.

ನನಗೆ ಚಿಕ್ಕಂದಿನಿಂದಲೂ ನೆರಳುಗಾರರೆಂದರೆ ಪ್ರಾಣ. ಬಳ್ಳಿ, ಜೊಂಡು, ಬಟ್ಟೆ ಹೆಣೆದು ಬೀದಿಗಳ ಮೇಲೆ ನೆರಳು ಕಟ್ಟುವವರು ಅವರು. ಬಿಸಿಲು ಸರಿದಂತೆ ಹಗ್ಗ ಎಳೆದು ನೆರಳನ್ನೂ ಸರಿಸುತ್ತಾರೆ. ಅವರು ಬಂದು ಹೋದ ಮೇಲೆ ಮುದುಕಿಯರು ಹೊರಗೆ ಕೂತು ರೊಟ್ಟಿ ಬಡಿಯುತ್ತಾರೆ, ಮಕ್ಕಳು ಬರಿಗಾಲಲ್ಲಿ ಓಡುತ್ತಾರೆ. ಚೀಟಿಯಲ್ಲಿ ಅದೇ ಇರುತ್ತದೆಂದು ನನಗೆ ಖಾತ್ರಿಯಿತ್ತು. ಇನ್ನೊಬ್ಬರು ಮೊದಲೇ ಬರೆದಿಟ್ಟ ಬದುಕು ನನ್ನದು ಹೇಗಾದೀತು ಎಂದು ಸಿಟ್ಟು ಬಂತು. ಕಟ್ಟೆ ಹತ್ತಿ, ಕಾರವಾರದಲ್ಲಿ ಕಡಲ ನೀರಿನ ಉಪ್ಪು ಸೋಸಲು ಹೋಗುತ್ತೇನೆ ಎಂದುಬಿಟ್ಟೆ. ದೋಣಿ ನೋಡಿದರೇ ತಲೆ ತಿರುಗುವವಳು ನಾನು. ಮಡಕೆ ಒಡೆದರೆ ಚೀಟಿಯಲ್ಲಿ ನೆರಳುಗಾರ್ತಿ ಎಂದೇ ಇತ್ತು. ಸುಳ್ಳುಹಬ್ಬ ಭರ್ಜರಿಯಾಗಿ ನಡೆಯಿತು. ಅಪ್ಪ ನನ್ನನ್ನು ಹೆಗಲ ಮೇಲೆ ಹೊರುವುದೊಂದು ಬಾಕಿ. ನನ್ನ ಪಾಲಿನ ಹೋಳಿಗೆಯನ್ನು ಮಾತ್ರ ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟುಬಿಟ್ಟೆ.

ಕಾರವಾರದಲ್ಲಿ ಎಂಟು ತಿಂಗಳು ದೋಣಿಯಲ್ಲಿ ವಾಂತಿ ಮಾಡುತ್ತ, ದಡದಲ್ಲಿ ಉಪ್ಪು ಸೋಸುತ್ತ ಕಳೆದೆ. ಒಂದು ಮಧ್ಯಾಹ್ನ ಹರಿದ ಹಾಯಿಬಟ್ಟೆ ಸಿಕ್ಕಿತು. ಎಲ್ಲರೂ ಊಟಕ್ಕೆ ಎದ್ದಾಗ ನಾಲ್ಕು ಬಿದಿರು ನೆಟ್ಟು ನೆರಳು ಕಟ್ಟಿಬಿಟ್ಟೆ. ನಮ್ಮ ಮೇಸ್ತ್ರಿ ಬೊಮ್ಮಿ ಬಂದು ಮೇಲೆ ಕೆಳಗೆ ನೋಡಿ ಕೇಳಿದಳು: “ಇದನ್ನ ಕಟ್ಟೂಕೆ ನಿಂಗೆ ಯಾರ್ ಹೇಳಿದ್ರು?”

ಯಾರೂ ಹೇಳಿಲ್ಲ ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಉಪ್ಪಿನ ರಾಶಿಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕೆ. ಯಾರೂ ಹೇಳದೆ ಮಾಡಿದ್ದು ಅದೊಂದೇ. ಕಾರವಾರಕ್ಕೆ ಬಂದದ್ದಾದರೋ ಚೀಟಿ ಹೇಳಿದಂತೆಯೇ, ಉಲ್ಟಾ ಮಾಡಿ ಅಷ್ಟೆ.

ಗಂಟು ಕಟ್ಟಿ ಸುರಪುರಕ್ಕೆ ಮರಳಿದೆ. ಕಟ್ಟೆಯನ್ನು ಎರಡನೇ ಸಲ ಹತ್ತುವ ಪದ್ಧತಿ ನಮ್ಮಲ್ಲಿಲ್ಲ. ಇಡೀ ಬೀದಿಗೆ ಹೋಳಿಗೆ ಹಾಕಿಸಿದ ಅಪ್ಪ ತಲೆ ತಗ್ಗಿಸಬೇಕಾದೀತೆಂದು ನನಗೆ ಭಯ. ಆದರೂ ಹತ್ತಿದೆ. ಚೀಟಿ ನಿಜ, ನಾನು ಹೇಳಿದ್ದೇ ಸುಳ್ಳು ಎಂದೆ. ಅಪ್ಪನೇ ಎದ್ದು ನಿಂತ.

“ನನಗ ಗೊತ್ತಿತ್ತವ್ವ. ಐದು ವರ್ಷದಾಕಿ ಇದ್ದಾಗ ನನ್ನ ಧೋತರ ಹರಿದು ಕೋಳಿಮರಿಗೆ ನೆರಳು ಕಟ್ಟಿದ್ದಿ. ಇದನ್ನ ತಿಳೀಲಿಕ್ಕ ಯಂತ್ರ ಯಾಕ ಬೇಕು?”

“ಮತ್ತ ಆವಾಗ ಯಾಕ ಹೇಳಲಿಲ್ಲ?”

“ನಿನ್ನ ಬಾಯಿಲೇ ಬರಲಿ ಅಂತ ಕುಂತಿದ್ದೆ.”

ಅಪ್ಪನಿಗೆ ಇಷ್ಟು ವರ್ಷ ಗೊತ್ತಿದ್ದರೂ ನನ್ನ ಕಾಲಿಗೆ ಯಾವ ಹಗ್ಗವೂ ಬಿದ್ದಿರಲಿಲ್ಲ. ಯಂತ್ರಕ್ಕೆ ಗೊತ್ತಾದರೆ ಮಾತ್ರ ಯಾಕೆ ಅಂಜಿದ್ದೆನೋ. ನಿಜವಾದ ಚೀಟಿಗೆ ಹೋಳಿಗೆ ಮಾಡುವ ರೂಢಿಯಿಲ್ಲ, ಆದರೂ ಅಂದು ಮೂರು ಮನೆಗಳಲ್ಲಿ ಹೂರಣ ಬೆಂದಿತು. ನಾನು ಏಳು ತಿಂದೆ.

ನಿಮ್ಮಲ್ಲೂ ಯಂತ್ರಗಳು ಮನಸ್ಸನ್ನು ಊಹಿಸಲು ಶುರುಮಾಡಿವೆಯೆಂದು ಕೇಳಿದ್ದೇನೆ. ಊಹಿಸಲಿ ಬಿಡಿ. ಒಂದೇ ಕೋರಿಕೆ: ನಿಮ್ಮ ಉತ್ತರವನ್ನು ಯಾರಾದರೂ ಮೊದಲೇ ಹೇಳಿದರೆಂಬ ಸಿಟ್ಟಿಗೆ ಅದನ್ನು ಬಿಟ್ಟುಕೊಡಬೇಡಿ. ನಿಮ್ಮದಾದರೆ, ಎದ್ದು ನಿಂತು ನಿಮ್ಮ ಬಾಯಿಂದ ಇನ್ನೊಮ್ಮೆ ಹೇಳಿ.