ಬೆನ್ನ ಹಿಂದಿನ ಬೀದಿ

ಮನೆ,
ಹದಿನಾಲ್ಕನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಮೊಣಕಾಲು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿದು ಇನ್ನಷ್ಟು ಊದಿಸಿಕೊಂಡಿರುತ್ತೀಯ, ಗೊತ್ತು. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆಯೇ? ಮೂಗು ಯಾರದು? ನಮ್ಮದಾಗಿದ್ದರೆ ಪಾಪ. ಅಕ್ಕಾ, ಇದನ್ನು ಅಮ್ಮನಿಗೆ ಪೂರ್ತಿ ಓದಿ ಹೇಳು, ನಿನಗೆ ಬೇಜಾರಾದ ಕಡೆ ಹಾರಿಸಬೇಡ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಅರ್ಧಕ್ಕೇ "ಊಟ ಆಯ್ತಾ" ಎಂದು ಬಾಯಿ ಹಾಕುತ್ತಾಳೆ. ಇದು ಅರ್ಧಕ್ಕೆ ನಿಲ್ಲಿಸುವ ಸುದ್ದಿಯಲ್ಲ. ನಾನು ಗೆದ್ದೆ ಅಮ್ಮಾ.

ನಾವು ಮಾಡುತ್ತಿರುವ ಕಂಪ್ಯೂಟರ್ ಆಟದೊಳಗೆ ಒಂದು ಇಡೀ ಊರಿದೆ ಎಂದಿದ್ದೆನಲ್ಲ. ಅಷ್ಟು ದೊಡ್ಡ ಊರು ಯಂತ್ರದ ತಲೆಯಲ್ಲಿ ಒಟ್ಟಿಗೆ ಹಿಡಿಸುವುದಿಲ್ಲ. ನಮ್ಮ ಒಂಟಿ ಕೋಣೆಯ ಕಥೆಯೇ: ಊಟಕ್ಕೆ ಕೂರುವಾಗ ಹಾಸಿಗೆ ಸುತ್ತಿ ಅಟ್ಟಕ್ಕೆ, ಮಲಗುವಾಗ ತಟ್ಟೆ ಪಾತ್ರೆ ಮೂಲೆಗೆ. ಆಡುವವನು ನಡೆದಂತೆ ಇನ್ನೂರು ಹೆಜ್ಜೆಯೊಳಗಿನ ಮನೆ, ಮರ, ದೀಪದ ಕಂಬಗಳು ಉಗ್ರಾಣದಿಂದ ಬಂದು ನಿಲ್ಲುತ್ತವೆ. ದೂರವಾದವು ಉಗ್ರಾಣ ಸೇರುತ್ತವೆ. ಎಲ್ಲವೂ ಅವನಿಗೆ ತಿಳಿಯದ ಹಾಗೆ ಹಿಂದಿನಿಂದ ನಡೆಯಬೇಕು. ನೆಂಟರನ್ನು ಮಾತಾಡಿಸುತ್ತಲೇ ನೀನು ಕಾಲಿನಿಂದ ಚಾಪೆ ಸರಿಸಿ ಜಾಗ ಮಾಡುತ್ತಿದ್ದೆಯಲ್ಲ, ಹಾಗೆ. ಆ ಕೆಲಸ ನನ್ನದು.

ಆ ಊರಿನಲ್ಲಿ ಬೀದಿ ಗುಡಿಸುವವಳೊಬ್ಬಳಿದ್ದಾಳೆ. ಕಿತ್ತಳೆ ಕೋಟು, ಉದ್ದ ಹಿಡಿಯ ಪೊರಕೆ. ಕೈಬೀಸು ನಿನ್ನದೇ, ನಾನೇ ಕೂತು ತಿದ್ದಿದ್ದು. ಹೋದ ಸೋಮವಾರ ಕಂಡೆ: ಅವಳು ಬೀದಿ ಪೂರ್ತಿ ಗುಡಿಸುತ್ತಾಳೆ, ಆಡುವವನು ದೂರ ಹೋಗಿ ತಿರುಗಿ ಬಂದರೆ ಕಸವೆಲ್ಲ ಇದ್ದಲ್ಲೇ ಇದೆ. ಉಗ್ರಾಣದಿಂದ ಬೀದಿ ಹೊಸದಾಗಿ, ಕಸದ ಸಮೇತ ಬರುತ್ತಿದೆ. ಅವಳು ಮತ್ತೆ ಮೊದಲ ಮನೆಯಿಂದ ಶುರು. ಯಾವ್ಯಾವುದನ್ನು ನೆನಪಿಡಬೇಕೆಂದು ಯಂತ್ರಕ್ಕೆ ಪಟ್ಟಿ ಬರೆದುಕೊಟ್ಟವಳು ನಾನೇ. ಆಡುವವನು ಒಡೆದ ಗಾಜು, ತೆರೆದ ಬಾಗಿಲು ಎಲ್ಲ ಬರೆದಿದ್ದೆ. ಇವಳು ಗುಡಿಸಿದ್ದನ್ನು ಬರೆದಿರಲಿಲ್ಲ. ದುಡಿತ ಕಣ್ಣಿಗೆ ಬೀಳದಿದ್ದರೆ ದುಡಿದೇ ಇಲ್ಲ ಎನ್ನುವ ಲೋಕದ ಹಳೇ ಚಾಳಿಯನ್ನು, ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ನಾನು ಯಂತ್ರಕ್ಕೆ ಕಲಿಸಿದ್ದೆ.

ಮರುದಿನದ ಸಭೆಗೆ ಆಟದ ಬಿಡುಗಡೆಗೆ ಹತ್ತೇ ದಿನವಿತ್ತು. ಸರಿಮಾಡಲು ಮೂರು ದಿನ ಕೇಳಿದೆ. ನಮ್ಮ ಬಾಸ್, ಕೆಟ್ಟವರೇನಲ್ಲ, ನಕ್ಕುಬಿಟ್ಟರು. "ಗುಡಿಸಿದ ಬೀದೀನ ಯಾರಮ್ಮ ತಿರುಗಿ ನೋಡ್ತಾರೆ?" ಹನ್ನೊಂದು ಜನ ಕೂತಿದ್ದರು. ಮೂರು ವರ್ಷದಿಂದ ಅವರಿಗೆ ನಾನು ಹೇಳಿದ್ದು ಅಮ್ಮ ನಗರಸಭೆಯಲ್ಲಿದ್ದಾರೆ ಎಂದಷ್ಟೇ. ಅವರು ಕುರ್ಚಿ ಮೇಜು ಊಹಿಸಿಕೊಂಡರು, ಊಹಿಸಿಕೊಳ್ಳಲಿ ಎಂದು ಬಿಟ್ಟೆ. ಚಿಕ್ಕಂದಿನಲ್ಲಿ ನಿಮ್ಮ ಮುಷ್ಕರದಲ್ಲಿ ನಿನ್ನ ಹೆಗಲೇರಿ ಘೋಷಣೆ ಕೂಗಿದ ಬಾಯಿಯೇ ಇದು. ಅವತ್ತು ಎದ್ದು ನಿಂತೆ. "ಗುಡಿಸಿದೋಳು ನೋಡ್ತಾಳೆ ಸಾರ್. ನಮ್ಮಮ್ಮ ಇಪ್ಪತ್ತಾರು ವರ್ಷದಿಂದ ಬೀದಿ ಗುಡಿಸ್ತಿದಾಳೆ. ಕೊನೇಲಿ ನಿಂತು ಒಂದ್ಸಲ ತಿರುಗಿ ನೋಡದೆ ಮುಂದಿನ ಬೀದಿಗೆ ಕಾಲಿಡಲ್ಲ."

ಆಕಾಶವೇನೂ ಕಳಚಿ ಬೀಳಲಿಲ್ಲ ಅಮ್ಮಾ. ಬಾಸ್ ಮೂರು ದಿನ ಕೊಟ್ಟರು. ಚಿತ್ರ ಬರೆಯುವವಳು, ನಾವು ಗುಬ್ಬಿ ಎನ್ನುತ್ತೇವೆ, ತಾನೂ ಜೊತೆಗೆ ಕೂರುತ್ತೇನೆಂದಳು. ಅವಳು ಎಲ್ಲಿಯವರೆಗೆ ಗುಡಿಸಿದ್ದಾಳೆ ಎಂದು ಪ್ರತಿ ಬೀದಿಗೊಂದು ಪುಟ್ಟ ಗುರುತು. ಬೀದಿ ಉಗ್ರಾಣಕ್ಕೆ ಹೋದರೂ ಗುರುತು ಉಳಿಯುತ್ತದೆ. ಶುಕ್ರವಾರ ಮಧ್ಯಾಹ್ನ ಬಾಸ್ ತಾವೇ ಆಡಿದರು. ಸೇತುವೆ ದಾಟಿ, ಮಾರುಕಟ್ಟೆ ಸುತ್ತಿ ತಿರುಗಿ ಬಂದರು. ಬೀದಿ ಕನ್ನಡಿಯಂತಿತ್ತು. ಕೊನೆಯಲ್ಲಿ ಅವಳು ಪೊರಕೆಗೆ ಗಲ್ಲ ಊರಿ, ನೀನು ನಿಲ್ಲುವ ಹಾಗೇ, ನೋಡುತ್ತಾ ನಿಂತಿದ್ದಳು. "ಚಪ್ಪಲಿ ಬಿಟ್ಟು ನಡೀಬೇಕಲ್ರೀ ಇಲ್ಲಿ" ಎಂದರು ಬಾಸ್. ಗುಬ್ಬಿ ಮೇಜು ಕುಟ್ಟಿದಳು. ನಾನು ನಗುತ್ತಲೇ ಅತ್ತೆ, ಅದನ್ನು ಯಾರಿಗೂ ಹೇಳಬೇಡ.

ಕೂಸಿಗೆ ಮುತ್ತು, ಭಾವನಿಗೆ ನಮಸ್ಕಾರ. ಮೊಣಕಾಲಿಗೆ ಎಣ್ಣೆ ಮರೆಯಬೇಡ.

ನಿನ್ನ ಬಾಯಿಬಡುಕಿ ಕಿರಿಮಗಳು

ಇನ್ನೊಂದು ಮಾತು, ಲಕೋಟೆ ಅಂಟಿಸುವ ಮೊದಲು: ನಾನು ಬುತ್ತಿ ಮರೆತ ದಿನವೆಲ್ಲ ನೀನು ಕೆಲಸದ ಕೋಟಿನಲ್ಲೇ ತಂದು, ಆಫೀಸಿನ ಎದುರು ಮೂಲೆಯಲ್ಲಿ ಯಾರದೋ ತಾಯಿಯಂತೆ ನಿಂತಿರುತ್ತಿದ್ದೆ. ಒಂದು ದಿನವೂ ನಾನು ಮೇಲೆ ಬಾ ಎನ್ನಲಿಲ್ಲ. ನೀನೂ ಯಾಕೆಂದು ಕೇಳಲಿಲ್ಲ. ಬರುವ ಶುಕ್ರವಾರ ಬಿಡುಗಡೆ, ಮನೆಯವರನ್ನು ಕರೆತನ್ನಿ ಎಂದಿದ್ದಾರೆ. ಗುರುವಾರದ ಬಸ್ಸು ಹತ್ತು. ಮೂರನೇ ಮಹಡಿ, ಲಿಫ್ಟಿದೆ, ಮೊಣಕಾಲಿನ ನೆಪ ನಡೆಯುವುದಿಲ್ಲ. ನಿನ್ನ ಕಿತ್ತಳೆ ಕೋಟು ಒಗೆದು ಇಸ್ತ್ರಿ ಮಾಡಿಟ್ಟಿದ್ದೇನೆ. ಹಾಕಿಕೊಳ್ಳುವುದು ಬಿಡುವುದು ನಿನ್ನಿಷ್ಟ. ಮೂಲೆಯಲ್ಲಿ ಮಾತ್ರ ನಿಲ್ಲಬೇಡ.