ರಸ್ತೆಗೆ ಮುಖ ಮಾಡಿ ನಿಂತ ಜೀಪು

ಪ್ರೀತಿಯ ಅಪ್ಪಯ್ಯ,

ಪ್ರೀತಿಯ ಅಂತ ಬರೆದದ್ದು ರೂಢಿಗೆ. ನಿಜ ಹೇಳಬೇಕೆಂದರೆ ನಿನ್ನ ಮೇಲೆ ನನಗೆ ಕೆಂಡದಂಥ ಸಿಟ್ಟಿದೆ. ಅಣ್ಣನ ಮೇಲೂ ಇತ್ತು, ಅದು ಮೊನ್ನೆ ಭಾನುವಾರ ಅರ್ಧ ಇಳಿಯಿತು. ನಿನ್ನದು ಇಳಿಯುವ ಲಕ್ಷಣ ಕಾಣುತ್ತಿಲ್ಲ. ಹೋದವರ ಮೇಲೆ ಸಿಟ್ಟು ಮಾಡಬಾರದು ಅಂತಾಳೆ ಅಮ್ಮ. ಇದ್ದಾಗ ಮಾಡೋಣವೆಂದರೆ ನೀನು ಕೈಗೆ ಸಿಗುತ್ತಿದ್ದದ್ದು ಯಾವಾಗ? ಬೆಳಕು ಹರಿಯುವ ಮೊದಲೇ ಜೀಪು ಇಳಿಸಿಕೊಂಡು ಹೋಗಿಬಿಟ್ಟಿರುತ್ತಿದ್ದೆಯಲ್ಲ.

ಹೋದ ವಾರ ನಾನು ಎನ್.ಆರ್.ಪುರದ ನನ್ನ ಹೊಲಿಗೆ ಅಂಗಡಿಯಲ್ಲಿ ಕೂತು ಯಾರದೋ ರವಿಕೆಗೆ ಹುಕ್ ಹಾಕುತ್ತಿದ್ದಾಗ ಬಸರೀಕಟ್ಟೆಯಿಂದ ಅಣ್ಣನ ಫೋನ್ ಬಂತು.

"ಜೀಪು ಕೊಡೋದು ಅಂತ ಮಾಡಿದೀನಿ ಕಣೇ. ಬೇಗಾರಿನ ಹತ್ರ ಒಂದು ರೆಸಾರ್ಟಿನವರು ಕೇಳಿದಾರೆ."

"ಓಡಿಸೋಕಾ?"

"ಓಡಿಸೋಕಲ್ಲ. ಗೇಟಿನ ಹತ್ರ ನಿಲ್ಲಿಸಿ, ಬಾನೆಟ್ಟಿನೊಳಗೆ ಮಣ್ಣು ತುಂಬಿ ಹೂವಿನ ಗಿಡ ಹಾಕ್ತಾರಂತೆ. ಬಂದವರು ಫೋಟೋ ತೆಗೆಸ್ಕೊಳ್ಳೋಕೆ ಚಂದ ಅಂತೆ."

ನಾನು ಸೂಜಿ ಕೆಳಗಿಟ್ಟೆ. ನನಗೆ ಕೊಡು, ನಾನು ಇಟ್ಟುಕೊಳ್ಳುತ್ತೇನೆ ಎಂದೆ. "ನೀನು ತಗೊಂಡು ಹೋಗಿ ಎಂತ ಮಾಡ್ತೀಯೆ? ಮಾತು ಕೊಟ್ಟಾಗಿದೆ" ಅಂದ. ಅದರ ಮೇಲೆ ಸ್ವಲ್ಪವೂ ಸಂಕೋಚವಿಲ್ಲದೆ ಇನ್ನೊಂದು ಮಾತು ಸೇರಿಸಿದ. "ಒಂದು ಉಪಕಾರ ಆಗ್ಬೇಕಿತ್ತು. ಜೀಪು ಶೆಡ್ಡಿನ ಗೋಡೆಗೆ ಮುಖ ಮಾಡಿ ನಿಂತಿದೆ. ಆ ದಾರೀಲಿ ಹಿಂದಕ್ಕೆ ಇಳಿಸೋದು ನಿನ್ನ ಬಿಟ್ರೆ ಯಾರಿಗೂ ಆಗೋದಿಲ್ಲ. ಭಾನುವಾರ ಬಂದು ರಸ್ತೆವರೆಗೆ ತಂದುಕೊಡು."

ಗೋಡೆಗೆ ಮುಖ ಮಾಡಿ. ಕೇಳಿಸಿತಾ ಅಪ್ಪಯ್ಯ? ನಿನ್ನ ಜೀಪು.

ನನ್ನ ಕೈಗೆ ಸ್ಟೇರಿಂಗ್ ಕೊಟ್ಟ ಸಂಜೆ ನಿನಗೆ ನೆನಪಿದೆಯಾ? ನಾನಾಗ ಪಿಯುಸಿ. ರಸ್ತೆಯಿಂದ ನಮ್ಮ ಮನೆಗೆ ಹತ್ತುವ ದಾರಿ ಒಂದೇ ಗಾಡಿಯ ಅಗಲ, ಒಂದು ಪಕ್ಕ ಕಡಿದು ನಿಂತ ಮಣ್ಣಿನ ಧರೆ, ಇನ್ನೊಂದು ಪಕ್ಕ ಕೆಳಗೆ ಗದ್ದೆ, ನಡುವೆ ಎರಡು ತಿರುವು. ಮೇಲೆ ಗಾಡಿ ತಿರುಗಿಸಲು ಜಾಗವಿಲ್ಲ. ಎಸ್ಟೇಟಿನ ಆಳುಗಳನ್ನು ಬಿಟ್ಟು ಬಂದ ಮೇಲೆ ದಿನಾ ನೀನು ಜೀಪನ್ನು ಹಿಂದುಹಿಂದಕ್ಕೇ ಹತ್ತಿಸಿ, ರಸ್ತೆಗೆ ಮುಖ ಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡುತ್ತಿದ್ದೆ. ಸುತ್ತಿನ ಮನೆಗಳಿಗೆಲ್ಲ ಇದ್ದದ್ದು ಅದೊಂದೇ ಗಾಡಿ. ಹೆರಿಗೆ ನೋವು, ಹಾವು ಕಚ್ಚಿದ್ದು, ಮರದಿಂದ ಬಿದ್ದದ್ದು, ಯಾವುದಕ್ಕೆ ಯಾರು ಬಂದು ಬಾಗಿಲು ಬಡಿದರೂ ಕಲ್ಲು ತೆಗೆದು ಇಳಿಜಾರಿಗೆ ಬಿಟ್ಟು ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟರೆ ಸ್ಟಾರ್ಟ್. ಬ್ಯಾಟರಿ ನಂಬಿ ಗಾಡಿ ಇಟ್ಟವನಲ್ಲ ನೀನು. ಆ ಸಂಜೆ ನಿನ್ನ ಕುತ್ತಿಗೆ ಹಿಡಿದುಕೊಂಡಿತ್ತು. "ಹಿಂದೆ ತಿರುಗೋಕೆ ಆಗ್ತಿಲ್ಲ. ಹತ್ತು. ನನ್ನ ಕೈ ನೋಡ್ಕೊಂಡು ಬಾ" ಅಂದೆ. ನೀನು ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ" ಅನ್ನುತ್ತ ಹೋದೆ. ನಿಲ್ಲಿಸಬೇಕಾದಾಗ ಜೀಪಿನ ಹಿಂಬದಿಗೆ ಅಂಗೈಯಿಂದ ಎರಡು ಏಟು. ನಾನು ಗದ್ದೆಗೆ ಬೀಳಲಿಲ್ಲ, ಅಷ್ಟೆ. ಶಹಬ್ಬಾಸ್ ಅಂತ ಒಂದು ಮಾತು ಬರಲಿಲ್ಲ ನಿನ್ನ ಬಾಯಿಂದ.

ಅಲ್ಲಿಂದ ಅದು ನನ್ನ ಕೆಲಸವೇ ಆಯಿತು. ಸಂಜೆ ನೀನು ರಸ್ತೆಯಲ್ಲಿ ಇಳಿಯುವುದು, ನಾನು ಹಿಂದಕ್ಕೆ ಹತ್ತಿಸುವುದು. ಬೆಳಿಗ್ಗೆ ಮುಂದಕ್ಕೆ ಇಳಿಸುವವನು ಮಾತ್ರ ನೀನು. ತಿರುವಿನ ಆಚೆ ಬರುತ್ತಿರುವುದು ಯಾವ ಗಾಡಿ, ಯಾವ ಗೇರಿನಲ್ಲಿದೆ ಅಂತ ಕ್ಲಾಸಿನಲ್ಲಿ ಕೂತು ಶಬ್ದದಲ್ಲೇ ಹೇಳುತ್ತಿದ್ದ ಹುಡುಗಿಗೆ ಎರಡು ವರ್ಷ ಗೊತ್ತಿದ್ದದ್ದು ಒಂದೇ ಗೇರು, ರಿವರ್ಸ್. ಬೆಳಿಗ್ಗೆ ನಾನು ಇಳಿಸಲಾ ಅಂತ ಕೇಳಿದರೆ ನಿನ್ನ ಉತ್ತರ ನೋಡು: "ಮುಂದೆ ಹೋಗೋಕೆ ಎಂತ ಕಲಿಯೋದು ಮಾರಾಯ್ತಿ? ಅದು ತಾನೇ ಹೋಗ್ತದೆ."

ಮುಂದೆ ಹೋಗುವುದನ್ನು ನನಗೆ ಕಲಿಸಿದವನು ಅಣ್ಣ. ಇದು ನಿನಗೆ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಯಾವ ಗಾಡಿ ಹತ್ತಿದರೂ ಮೂರನೇ ತಿರುವಿಗೆ ವಾಂತಿ ಮಾಡುವ ಅಣ್ಣ. ಭಾನುವಾರ ಊಟವಾಗಿ ನಿನ್ನ ಗೊರಕೆ ಶುರುವಾದದ್ದೇ ನಾವಿಬ್ಬರೂ ಕಲ್ಲು ತೆಗೆದು, ಇಂಜಿನ್ ಹಾಕದೆ ಜೀಪನ್ನು ಸದ್ದಿಲ್ಲದೆ ಇಳಿಸಿ, ಎರಡನೇ ತಿರುವು ದಾಟಿದ ಮೇಲೆ ಸ್ಟಾರ್ಟ್ ಮಾಡುತ್ತಿದ್ದೆವು. ಅವನು ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡು ಪಕ್ಕದಲ್ಲಿ ಕೂತು "ಕ್ಲಚ್ ನಿಧಾನ ಬಿಡೇ, ನನ್ನ ಹೊಟ್ಟೆ ಬಾಯಿಗೆ ಬಂತು" ಅನ್ನುತ್ತಿದ್ದ. ಜಯಪುರದ ರಸ್ತೆಯಲ್ಲಿ ಮೊದಲ ಸಲ ಟಾಪ್ ಗೇರ್ ಹಾಕಿದಾಗ ನಾನು ಸುಮ್ಮಸುಮ್ಮನೆ ನಕ್ಕಿದ್ದೆ. ಆಮೇಲೆ ವಾಪಸು ಬಂದು, ಹಿಂದಕ್ಕೆ ಹತ್ತಿಸಿ, ಕಲ್ಲು ಮೊದಲಿದ್ದಲ್ಲೇ ಇಡುವುದು. ಡೀಸೆಲ್ ಕಮ್ಮಿಯಾದದ್ದು ನಿನ್ನ ಕಣ್ಣಿಗೆ ಬೀಳದೆ ಇರುತ್ತದೆಯೇ? ಬೈಯಲೂ ಇಲ್ಲವಲ್ಲ ನೀನು. ಬೈದಿದ್ದರಾದರೂ...

ಕೊಪ್ಪದ ಮೈದಾನದಲ್ಲಿ ಲೈಸೆನ್ಸ್ ಟೆಸ್ಟಿನ ದಿನ ನೀನೇ ಕರೆದುಕೊಂಡು ಹೋಗಿದ್ದೆ. ಇನ್ಸ್‌ಪೆಕ್ಟರು "ಸ್ಟಾರ್ಟ್ ಮಾಡಿ ಹೊರಡಮ್ಮ" ಅಂದರು. ಹೆದರಿಕೆಯಲ್ಲಿ ಕೈ ತನ್ನಷ್ಟಕ್ಕೇ ರಿವರ್ಸಿಗೆ ಹೋಯಿತು. ಹಿಂದೆ ಸರದಿಗೆ ಕಾಯುತ್ತಿದ್ದವರೆಲ್ಲ ಎದ್ದೆನೋ ಬಿದ್ದೆನೋ ಅಂತ ಓಡಿದರು. ಒಬ್ಬರ ಚಪ್ಪಲಿ ಅಲ್ಲೇ ಉಳಿದಿತ್ತು. ಫೇಲು. ನೀನು ಮರದ ಬುಡದಲ್ಲಿ ನಿಂತು ಬೇರೆ ಕಡೆ ನೋಡುತ್ತಿದ್ದೆ. ಜಯಪುರದವರೆಗೂ ಒಂದು ಮಾತಿಲ್ಲ. ಅಲ್ಲಿ ಬಂದು ನೀನು ಹೇಳಿದೆ, "ಹಿಂದೆ ಹೋಗಿದ್ದು ಮಾತ್ರ ನೂಲು ಹಿಡಿದ ಹಾಗೆ ನೇರ ಇತ್ತು." ಅದನ್ನು ಕೇಳಿ ನಾನು ನಗಬೇಕಿತ್ತೋ ಅಳಬೇಕಿತ್ತೋ? ಮುಂದಿನ ಸಲ ಪಾಸಾದೆ. ಆವತ್ತು ನೀನು ಬಾಡಿಗೆಗೆ ಹೋಗಿದ್ದೆ.

ಮದುವೆಯಾಗಿ ಎನ್.ಆರ್.ಪುರ ಸೇರಿ, ಅಂಗಡಿ ಒಂದು ಹದಕ್ಕೆ ಬಂದ ಮೇಲೆ ಮೊದಲನೇ ಕಾರು ತೆಗೆದುಕೊಂಡೆ. ಸೆಕೆಂಡ್ ಹ್ಯಾಂಡ್, ಬಿಳಿ, ಚಳಿಗೆ ಚೋಕ್ ಎಳೆಯದೆ ಏಳುತ್ತಿರಲಿಲ್ಲ. ನಮ್ಮವರು ಜೊತೆಗೆ ಬರುತ್ತೇನೆ ಅಂದರು, ಬೇಡ ಅಂತ ಹೇಳಿ ಒಬ್ಬಳೇ ಬಿಟ್ಟುಕೊಂಡು ಬಸರೀಕಟ್ಟೆಗೆ ಬಂದೆ. ನಿನಗೆ ತೋರಿಸಲಿಕ್ಕೆ. ನೀನು ಕಾರಿನ ಸುತ್ತ ಒಂದು ಸುತ್ತು ಬಂದೆ, ಟಯರನ್ನು ಕಾಲಿನಿಂದ ಒತ್ತಿದೆ, "ಹಿಂದಿನ ಗ್ಲಾಸ್ ಸಣ್ಣದಾಯ್ತು" ಅಂದೆ. ಹತ್ತು ಅಪ್ಪಯ್ಯ, ಜಯಪುರಕ್ಕೆ ಹೋಗಿ ಕಾಫಿ ಕುಡಿದು ಬರೋಣ ಅಂದರೆ, "ಇವತ್ತು ಕುತ್ತಿಗೆ ಸರಿ ಇಲ್ಲ." ಮುಂದಕ್ಕೆ ಹೋಗುವ ಕಾರಿನಲ್ಲಿ ಕೂರಲು ಕುತ್ತಿಗೆ ಎಂತಕ್ಕೆ?

ಆಮೇಲೆ ಕೆಂಪು ಡೀಸೆಲ್ ಕಾರು ಬಂತು. "ದೂರಕ್ಕೆ ಕಾಣ್ತದೆ, ಒಳ್ಳೇದು" ಅಂದೆ ನೀನು, ಕೂರಲಿಲ್ಲ. ಕೊನೆಯದರಲ್ಲಿ ಹಿಂದೆ ಕ್ಯಾಮೆರಾ, ಮುಂದೆ ಪರದೆ, ಧರೆ ಹತ್ತಿರ ಬಂದರೆ ಪೀಂ ಪೀಂ ಅನ್ನುವ ಸದ್ದು. ನೀನು ಬಗ್ಗಿ ಆ ಗೋಲಿಯಷ್ಟು ದೊಡ್ಡ ಕ್ಯಾಮೆರಾವನ್ನು ನೋಡಿ "ಇದರ ಹತ್ರ ಕಲಿತವರಿಗೆ ದೇವರೇ ಗತಿ" ಅಂದೆ. ಆ ಪೀಂ ಪೀಂ ಮೇಲೆ ನಿನ್ನದೂ "ಬರ್ಲಿ, ಬರ್ಲಿ" ಸೇರಿ ನನಗೆ ತಲೆ ಕೆಟ್ಟುಹೋಗಿತ್ತು. ಶೃಂಗೇರಿಯ ಮದುವೆಗೆ ನಾವಿಬ್ಬರೂ ಹೋದದ್ದನ್ನು ನೆನೆಸಿಕೊ. ಮುಂದೆ ನಿನ್ನ ಜೀಪು, ಹಿಂದೆ ನನ್ನ ಖಾಲಿ ಕಾರು, ಕಲ್ಯಾಣ ಮಂಟಪದ ಎದುರು ಎರಡೂ ಒಟ್ಟಿಗೆ. ಜನ ಎಂತ ತಿಳಿದುಕೊಂಡರೋ. "ಮುಂದಿನ ಸಲ ನಿನ್ನ ಗಾಡೀಲೇ ಬರ್ತೀನಿ" ಅಂತ ನೀನೇ ಅಂದಿದ್ದೆ. ಯಾವ ಮುಂದಿನ ಸಲ? ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲೇ ಇಲ್ಲ. ಜೀಪನ್ನು ಮಾತ್ರ ಅದಕ್ಕೂ ಮೊದಲೇ ನೀನು ಅಣ್ಣನ ಹೆಸರಿಗೆ ಮಾಡಿಸಿಟ್ಟಿದ್ದೆ. ಗಾಡಿ ಕಂಡರೆ ಓಕರಿಕೆ ಬರುವವನ ಹೆಸರಿಗೆ. ನನ್ನನ್ನು ಒಂದು ಮಾತು ಕೇಳಬೇಕು ಅಂತ ನಿನಗೆ ಅನ್ನಿಸಲೇ ಇಲ್ಲವಾ?

ಭಾನುವಾರ ಬಸ್ಸು ಹತ್ತಿ ಹೋದೆ. ಅಣ್ಣನಿಗೆ ಅನ್ನಬೇಕಾದ ಮಾತುಗಳನ್ನು ಕೊಪ್ಪದಿಂದಲೇ ಮಸೆದುಕೊಂಡು ಹೋದೆ. ಶೆಡ್ಡಿನ ಬಾಗಿಲು ತೆಗೆದರೆ ಎದುರಿಗೆ ಜೀಪಿನ ಬೆನ್ನು. ಅಲ್ಲಿ ನಿಂತು ಅದರ ಬೆನ್ನು ನೋಡಿದ್ದು ಅದೇ ಮೊದಲು. ಸೀಟಿನ ಮೇಲೆ ಬೆಕ್ಕು ಮಲಗಿ ಮಲಗಿ ಗುಂಡಿ ಮಾಡಿತ್ತು. ಒಂದು ಮಳೆಗಾಲ ಪೂರ್ತಿ ನಿಂತ ಗಾಡಿ, ಬ್ಯಾಟರಿ ಟಿಕ್ ಅನ್ನಲೂ ಇಲ್ಲ. ಟಯರಿಗೆ ಗಾಳಿ ಹಾಕಿ, ಬ್ರೇಕ್ ಆಯಿಲ್ ತುಂಬಿ, ಡೀಸೆಲ್ ಲೈನಿನ ಗಾಳಿ ತೆಗೆಯಲು ಕೂತೆ. ಅಣ್ಣ ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ನಿಂತಿದ್ದ. ನನಗೆ ತಡೆಯಲಾಗಲಿಲ್ಲ.

"ಅಲ್ಲ, ಹೀಗೆ ಗೋಡೆಗೆ ಮುಖ ಮಾಡಿ ನಿಲ್ಲಿಸೋಕೆ ನಿಂಗೆ ಮನಸ್ಸಾದ್ರೂ ಹೇಗೆ ಬಂತು? ಅಪ್ಪಯ್ಯ ಒಂದು ದಿನ ಹೀಗೆ ಬಿಟ್ಟಿದ್ನಾ? ಹಿಂದಕ್ಕೆ ಹತ್ತಿಸೋಕೆ ಅಷ್ಟು ಸೋಮಾರಿತನವಾ?"

ಅವನು ಸ್ಪ್ಯಾನರನ್ನು ಬಾನೆಟ್ ಮೇಲಿಟ್ಟ.

"ಸೋಮಾರಿತನ ಅಲ್ಲ ಕಣೇ. ಅಪ್ಪಯ್ಯ ಹೋದಾಗ ಬಂದು ನೀನು ಹಿಂದಕ್ಕೆ ಹತ್ತಿಸಿದ ಹಾಗೇ ನಿಂತಿತ್ತು, ನಾನೇ ಕೆಳಗೆ ಇಳಿಸಿ ತಿರುಗಿಸಿ ತಂದು ನಿಲ್ಲಿಸ್ದೆ. ಮುಖ ಹೊರಗಿದ್ರೆ ಬೆಳಿಗ್ಗೆ ಎದ್ದು ಬಾಗಿಲು ತೆಗೆದ ಕೂಡ್ಲೆ ಅಪ್ಪಯ್ಯ ಹೊರಟು ನಿಂತ ಹಾಗೇ ಕಾಣ್ತಿತ್ತು. ಅಮ್ಮ ಎರಡು ಸಲ ಕಾಫಿ ತಂದು ಬಾನೆಟ್ ಮೇಲೆ ಇಟ್ಟು ಹೋದಳು. ಅದು ಆರಿ ತಣ್ಣಗಾಗಿ... ನಾನೇ ಒಳಗೆ ತಂದು ಚೆಲ್ಲಿದೆ."

ದಿನಾ ಬೆಳಿಗ್ಗೆ ಬಾನೆಟ್ ಮೇಲಿಟ್ಟ ಲೋಟ ಎತ್ತಿ ನಿಂತೇ ಕಾಫಿ ಕುಡಿದು ಹೊರಡುತ್ತಿದ್ದವನು ನೀನು. ಮಸೆದು ತಂದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಆದರೆ ಇಷ್ಟನ್ನು ನನಗೆ ಹೇಳಲು ಅವನಿಗೆ ಇಡೀ ಮಳೆಗಾಲ ಬೇಕಾಯಿತಲ್ಲ ಅಪ್ಪಯ್ಯ. ನಮ್ಮ ಮನೆಯವರ ಬಾಯಿಗೆ ಬೀಗ ಹಾಕಿದವರು ಯಾರು? ನೀನೇ. ಬೀಗದ ಕೈಯನ್ನೂ ತೆಗೆದುಕೊಂಡು ಹೋದೆ.

ಕಲ್ಲು ತೆಗೆಸಿದೆ. ರಿವರ್ಸ್ ಹಾಕಿ, ಕ್ಲಚ್ ಒತ್ತಿ ಹಿಡಿದು ಇಳಿಜಾರಿಗೆ ಬಿಟ್ಟೆ. ಕ್ಲಚ್ ಬಿಟ್ಟಾಗ ಗಾಡಿ ಒಂದು ಸಲ ಜಗ್ಗಿ, ಕೆಮ್ಮಿ, ದಾರಿಯ ತುಂಬ ಕಪ್ಪು ಹೊಗೆ ಬಿಟ್ಟು ಎದ್ದಿತು. ಹಿಂದಿನಿಂದ "ಬರ್ಲಿ, ಬರ್ಲಿ, ಬರ್ಲಿ" ಕೇಳಿಸಿತು. ನಿನ್ನದೇ ದನಿ, ನಿನ್ನದೇ ಎಳೆತ. ತಿರುಗಿ ನೋಡಿದರೆ ಅಣ್ಣ ಹಿಂದುಹಿಂದಕ್ಕೆ ನಡೆಯುತ್ತ ಕೈ ಬೀಸುತ್ತಿದ್ದ. ರಸ್ತೆಗೆ ಬಂದಾಗ ಜೀಪಿನ ಹಿಂಬದಿಗೆ ಎರಡು ಏಟು ಬಿತ್ತು.

ರಸ್ತೆಯಲ್ಲಿ ರೆಸಾರ್ಟಿನ ಹುಡುಗ ಲಾರಿ ತಂದು ಕಾಯುತ್ತಿದ್ದ. ಮರ್ಯಾದಸ್ಥನೇ. ಟೇಪು ತೆಗೆದು ಬಾನೆಟ್ಟಿನ ಅಳತೆ ತೆಗೆದುಕೊಂಡ. ಬಟ್ಟೆ ಅಳೆಯುವ ನನ್ನ ಕಣ್ಣೆದುರು. "ಇಂಜಿನ್ ನಮಗೆ ಬೇಡ ಸಾರ್. ಬಿಚ್ಚಿಸಿ ಗುಜರಿಗೆ ಹಾಕ್ತೀವಿ, ಆಗ ಮಣ್ಣಿಗೆ ಜಾಗ ಆಗುತ್ತೆ" ಅಂದ. ನಾನು ಸೀಟಿನಲ್ಲಿ ಹಲ್ಲು ಕಚ್ಚಿ ಕೂತಿದ್ದೆ. ಆರ್‌ಸಿಯಲ್ಲಿ ಹೆಸರಿಲ್ಲದವಳು ಮಾತಾಡಿ ಎಂತ ಪ್ರಯೋಜನ? ಅಣ್ಣ ಬಾನೆಟ್ ಮೇಲೆ ಅಂಗೈ ಇಟ್ಟು ನಿಂತಿದ್ದ. ಕೆಳಗೆ ಇಂಜಿನ್ ಅದುರುತ್ತಿತ್ತು.

"ಆಫ್ ಮಾಡ್ಲಾ?" ಅಂತ ಕೇಳಿದೆ.

"ಬೇಡ" ಅಂದ. ಆಮೇಲೆ ಆ ಹುಡುಗನ ಕಡೆ ತಿರುಗಿದ. "ಬೇಜಾರು ಮಾಡ್ಕೋಬೇಡಿ ಮಾರಾಯ್ರೆ. ಕೊಡೋದಿಲ್ಲ."

"ಮಾತು ಕೊಟ್ಟಿದ್ರಲ್ಲ ಸಾರ್?"

"ಕೊಟ್ಟಿದ್ದೆ. ಆಗ ಗಾಡಿ ಸತ್ತಿತ್ತು."

ಈಗ ಜೀಪು ಎನ್.ಆರ್.ಪುರದಲ್ಲಿ ನಮ್ಮ ಅಂಗಳದಲ್ಲಿದೆ. ಇಲ್ಲಿ ಇಳಿಜಾರಿಲ್ಲ, ಎಲ್ಲ ಸಪಾಟು. ಹೊಸ ಬ್ಯಾಟರಿ ಹಾಕಿಸಿದ್ದೇನೆ, ಬೈಯುವುದಾದರೆ ಬೈ. ಕಲ್ಲು ಬೇಡದಿದ್ದರೂ ಕೊಟ್ಟಿದ್ದೇನೆ. ಮುಖ ರಸ್ತೆಗೇ ಇದೆ, ನಾನಿರುವವರೆಗೂ ರಸ್ತೆಗೇ ಇರುತ್ತದೆ.

ಆದರೆ ನಿನಗೆ ಹೇಳಬೇಕಾದದ್ದು ಅದಲ್ಲ. ಆವತ್ತು ಹೊರಡುವಾಗ ಅಣ್ಣ ತಾನೂ ಕೊಪ್ಪದವರೆಗೆ ಬರುತ್ತೇನೆ ಅಂತ ಹಿಂದಿನಿಂದ ಹತ್ತಿ ಅಡ್ಡ ಸೀಟಿನಲ್ಲಿ ಕೂತ. "ಮುಂದೆ ಬಾರೋ, ಹಿಂದೆ ಕೂತ್ರೆ ನಿಂಗೆ ವಾಂತಿ ಗ್ಯಾರಂಟಿ" ಅಂದೆ. "ಇರ್ಲಿ ಬಿಡೇ. ಅಲ್ಲಿ ಅಪ್ಪಯ್ಯ ಕೂತ್ಕೊಳ್ಳಲಿ" ಅಂದ. ಜಯಪುರದಲ್ಲಿ ಒಂದು ಸಲ ಇಳಿದು ವಾಂತಿ ಮಾಡಿ, ಬಾಯಿ ತೊಳೆದು, ಮತ್ತೆ ಹಿಂದೆಯೇ ಹತ್ತಿದ.

ಬಸರೀಕಟ್ಟೆಯಿಂದ ಕೊಪ್ಪದವರೆಗೂ ಮುಂದಕ್ಕೇ ಬಿಟ್ಟೆ ಅಪ್ಪಯ್ಯ. ಎಡಗಡೆ ಸೀಟಿನಿಂದ ನೀನು ಒಂದು ಮಾತೂ ಆಡಲಿಲ್ಲ. ಒಂದು ತಪ್ಪನ್ನಾದರೂ ಹುಡುಕಬೇಕಿತ್ತು.

ನಿನ್ನ ಮಗಳು,
ವೀಣಾ